ಮರಕುಟಿಗನ ನೂರನೇ ರನ್

ಟಕ್, ಟಕ್, ಟಕ್. ಮತ್ತೆ ಶುರುವಾಯಿತು.

ಪೆವಿಲಿಯನ್ನಿನ ಮೇಲಂತಸ್ತಿನ ಸ್ಕೋರರ್ ಕೋಣೆಯಲ್ಲಿ ಕೂತಿದ್ದ ಮುದುಕರೊಬ್ಬರು ಪೆನ್ಸಿಲ್ ಕೆಳಗಿಟ್ಟರು. ಮೈದಾನದಲ್ಲಿ ಒಂದು ನರಪಿಳ್ಳೆಯೂ ಇಲ್ಲವೆಂದು ಅವರಿಗೆ ಗೊತ್ತಿತ್ತು. ಬರುವಾಗಲೇ ನೋಡಿದ್ದರು. ಪಂದ್ಯಗಳ ಕಾಲ ಮುಗಿದು ಎರಡು ತಿಂಗಳಾಗಿತ್ತು, ಪಿಚ್ಚಿಗೆ ಹೊದಿಕೆ ಹಾಕಿ ನಾಲ್ಕೂ ಮೂಲೆಗೆ ಇಟ್ಟಿಗೆ ಹೇರಿದ್ದರು. ಆದರೂ ಯಾರೋ ಕ್ರೀಸಿನಲ್ಲಿ ನಿಂತು ಬ್ಯಾಟಿನಿಂದ ಮೂರು ಸಲ ನೆಲ ಕುಟ್ಟುತ್ತಿದ್ದರು. ಕುಟ್ಟಿ, ಚೆಂಡಿಗಾಗಿ ಕಾಯುವವರ ಹಾಗೆ ಸುಮ್ಮನಾಗುತ್ತಿದ್ದರು. ಶಬ್ದ ಬಂದಾಗ ಮುದುಕರು ಕಿಟಕಿಯ ಕಡೆ ತಲೆ ಎತ್ತುತ್ತಿರಲಿಲ್ಲ. ಎತ್ತಿದಾಗ ಯಾರಾದರೂ ಕಂಡರೆ ಏನು ಗತಿ?

ಹಾಗೆ ಮೂರೇ ಮೂರು ಸಲ ಕುಟ್ಟುತ್ತಿದ್ದವನು ಒಬ್ಬನೇ, ನಲವತ್ತು ವರ್ಷದ ಹಿಂದೆ ತಂಡದ ಆರಂಭಿಕ ಬ್ಯಾಟ್ಸ್‌ಮನ್ ಮರಕುಟಿಗ. ಆ ಅಡ್ಡಹೆಸರೂ ಅದರಿಂದಲೇ ಬಂದಿತ್ತು. ಅವನು ಸತ್ತು ಮೂರು ತಿಂಗಳಾಗಿತ್ತು.

ಮುದುಕರು ಈ ಸದ್ದಿನ ವಿಷಯ ತಮ್ಮ ಹೆಂಡತಿಗೆ ಹೇಳಿದ್ದಕ್ಕೆ ಅವರು, "ವಯಸ್ಸಾಯ್ತು, ಕಿವಿ ತೋರಿಸ್ಕೊಂಡು ಬನ್ನಿ" ಎಂದಿದ್ದರು. ಡಾಕ್ಟರು ಎರಡೂ ಕಿವಿ ತೊಳೆದು ಕಳಿಸಿದರು. ಈಗ ಇನ್ನೂ ಚೆನ್ನಾಗಿ ಕೇಳಿಸುತ್ತಿತ್ತು.

ನಲವತ್ತು ವರ್ಷ ಈ ಪ್ರಾಂತ್ಯದ ತಂಡಕ್ಕೆ ಸ್ಕೋರ್ ಬರೆದವರೆಂದು, ತಂಡದ ಎಂಬತ್ತು ವರ್ಷದ ಇತಿಹಾಸ ಬರೆಯುವ ಕೆಲಸವನ್ನೂ ಅವರ ತಲೆಗೇ ಕಟ್ಟಿದ್ದರು. ಇತಿಹಾಸವೆಂದರೆ ದೊಡ್ಡ ಮಾತು. ಎಂಬತ್ತು ವರ್ಷದಲ್ಲಿ ಒಂದು ಕಪ್ಪೂ ಗೆದ್ದಿಲ್ಲ. ಒಮ್ಮೆ ಫೈನಲ್ ತಲುಪಿ, ಮೂರನೇ ದಿನದ ಊಟದ ಹೊತ್ತಿಗೇ ಸೋತು ಮನೆಗೆ ಬಂದಿದ್ದರು. ಸತತ ಹನ್ನೊಂದು ಟಾಸ್ ಸೋತ ಕ್ಯಾಪ್ಟನ್ ಒಬ್ಬರು, ಎದುರಾಳಿಯನ್ನು ಮಾತಿನಲ್ಲೇ ಔಟ್ ಮಾಡುತ್ತಿದ್ದ ವಿಕೆಟ್ ಕೀಪರ್ ಒಬ್ಬ, ಬೆಳಿಗ್ಗೆ ಟಪಾಲು ಹಂಚಿ ಬಂದು ಬೌಲಿಂಗ್ ಮಾಡುತ್ತಿದ್ದ ಪೋಸ್ಟ್‌ಮ್ಯಾನ್ ಒಬ್ಬ. ಇವರನ್ನೆಲ್ಲ ಸ್ಕೋರರ್ ನಗುನಗುತ್ತಾ ಬರೆದು ಮುಗಿಸಿದ್ದರು. ಉಳಿದಿದ್ದು ಒಂದೇ ಪುಟ, ತಮ್ಮದೇ ಮೊದಲ ವರ್ಷದ್ದು. ಹಳೆಯ ಸ್ಕೋರ್ ಪುಸ್ತಕದಲ್ಲಿ ಆ ಪುಟ ತೆರೆದ ದಿನವೇ ಕುಟ್ಟುವ ಸದ್ದು ಶುರುವಾಗಿತ್ತು.

ಪ್ರತಿ ಪಂದ್ಯಕ್ಕೂ ತಂಡಕ್ಕೊಬ್ಬರಂತೆ ಇಬ್ಬರು ಸ್ಕೋರರ್‌ಗಳು ಅಕ್ಕಪಕ್ಕ ಕೂರುತ್ತಾರೆ. ಅಂಪೈರ್ ಸನ್ನೆ ಮಾಡಿದಾಗ ಕೈ ಎತ್ತಿ, ನೋಡಿದೆವು ಎಂದು ತೋರಿಸಬೇಕು. ಆ ಮೊದಲ ವರ್ಷದ ಒಂದು ಪಂದ್ಯದಲ್ಲಿ ಮರಕುಟಿಗ ತೊಂಬತ್ತೊಂಬತ್ತರಲ್ಲಿದ್ದ. ಅವನ ಮೊದಲ ನೂರು. ಹೊಸ ಸ್ಕೋರರಿಗೆ ಅವನೆಂದರೆ ಪ್ರಾಣ. ಆ ನೂರನ್ನು ಕೆಂಪಿನಲ್ಲಿ ಚೆಂದವಾಗಿ ಬರೆಯಬೇಕೆಂದು ಬಗ್ಗಿ ಕೆಂಪು ಪೆನ್ಸಿಲ್ ಹೆರೆಯುತ್ತಿದ್ದರು. ಚಪ್ಪಾಳೆ ಕೇಳಿ ತಲೆ ಎತ್ತಿದರೆ ಮರಕುಟಿಗ ಆ ತುದಿಯಲ್ಲಿ ನಿಂತು ಬ್ಯಾಟ್ ಎತ್ತಿದ್ದ. ಸ್ಕೋರರ್ ಕೈ ತಾನಾಗಿಯೇ ಮೇಲೆದ್ದಿತು. ನೂರು ಎಂದು ಬರೆದೂ ಬಿಟ್ಟರು. ನೂರಾಯಿತಲ್ಲ ಎಂಬ ಖುಷಿಯಲ್ಲಿ ಮರಕುಟಿಗ ಮುಂದಿನ ಓವರಿನಲ್ಲಿ ಮನಸೋ ಇಚ್ಛೆ ಬೀಸಿ ಬೌಲ್ಡ್ ಆದ.

ಟೀ ಹೊತ್ತಿಗೆ ಪಕ್ಕದ ಹಿರಿಯ ಸ್ಕೋರರ್ ಪುಸ್ತಕ ತಾಳೆ ನೋಡಿ ಹುಬ್ಬು ಗಂಟಿಕ್ಕಿದರು. "ನಂದ್ರಲ್ಲಿ ಲೆಗ್ ಬೈ ಇದೆಯಲ್ಲಪ್ಪ. ಪ್ಯಾಡಿಗೆ ತಾಗಿದ್ದು, ರನ್ ತಂಡಕ್ಕೆ ಸೇರುತ್ತೆ, ಅವನಿಗಲ್ಲ. ಅಂಪೈರ್ ಮೊಣಕಾಲು ಮುಟ್ಟಿ ತೋರಿಸಿದ್ರು. ನೀನೂ ಕೈ ಎತ್ತಿದೆ, ನೋಡ್ಲಿಲ್ವಾ?"

ಆ ಹಿರಿಯರಿಗೂ ಊಟದ ಮೇಲೆ ಕಣ್ಣು ಎಳೆಯುತ್ತಿತ್ತು, ಅವರದೂ ತಪ್ಪಿರಬಹುದಿತ್ತು. ಅಂಪೈರನ್ನು ಕೇಳಬಹುದಿತ್ತು. ಕೇಳಿದ್ದರೆ ಹೊಸ ಸ್ಕೋರರ್ ನೋಡದೆ ಕೈ ಎತ್ತಿದ್ದು ಬಯಲಾಗುತ್ತಿತ್ತು. ಹೊಸ ಕೆಲಸ. "ಹೌದು ಸರ್, ನೋಡ್ದೆ. ಲೆಗ್ ಬೈನೇ" ಎಂದು ರಬ್ಬರ್ ಎತ್ತಿಕೊಂಡರು. ತಂಡದ ಮೊತ್ತ ಅಷ್ಟೇ ಇತ್ತು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ನೂರು ಹೊಡೆದವನನ್ನು ಮುಂದಿನ ಪಂದ್ಯಕ್ಕೆ ಕೈಬಿಡಬಾರದು ಎಂಬುದು ಈ ತಂಡದ ಹಳೆಯ ಕಟ್ಟಳೆ. ತೊಂಬತ್ತೊಂಬತ್ತು ಹೊಡೆದವನನ್ನು ಬಿಡಬಹುದು. ಬಿಟ್ಟರು. ಅವನು ಮತ್ತೆ ಈ ಮೈದಾನಕ್ಕೆ ಕಾಲಿಡಲಿಲ್ಲ.

"ಸರ್, ಒಳಗೆ ಬರ್ಲಾ? ನಾನು ನಿಮ್ಮ ಮರಕುಟಿಗನ ಮಗಳು."

ಬಾಗಿಲಲ್ಲಿ ನಿಂತಿದ್ದವಳಿಗೆ ನಲವತ್ತೈದು ದಾಟಿತ್ತು. ವಾಚ್ ರಿಪೇರಿಯ ಭೂತಗನ್ನಡಿ ಒತ್ತಿ ಒತ್ತಿ ಒಂದು ಕಣ್ಣಿನ ಸುತ್ತ ಗುರುತು ಬಿದ್ದಿತ್ತು. ಪುಸ್ತಕಕ್ಕೆ ಅಪ್ಪನ ಫೋಟೋ ತಂದಿದ್ದಳು.

"ಬಾಮ್ಮ, ಕೂತ್ಕೋ" ಎಂದರು ಸ್ಕೋರರ್.

ಅವಳು ಕೂತಳು, ಫೋಟೋ ಮಾತ್ರ ಕೊಡಲಿಲ್ಲ. "ಅಪ್ಪ ನಿಮ್ಮ ಬಗ್ಗೆ ಒಂದು ದಿನಾನೂ ಕೆಟ್ಟ ಮಾತಾಡಿಲ್ಲ ಸರ್. 'ಬ್ಯಾಟಿಗೆ ತಾಗ್ತು ಅಂತಲೇ ನನ್ನ ಕೈ ಹೇಳ್ತು. ಆದ್ರೆ ಸ್ಕೋರರ್ ಕಣ್ಣಾರೆ ನೋಡಿದಾರೆ, ಸುಳ್ಳು ಹೇಳೋ ಮನುಷ್ಯ ಅಲ್ಲ. ನನ್ನ ಕೈಯೇ ಸುಳ್ಳು ಹೇಳಿರ್ಬೇಕು' ಅಂತಿದ್ರು. ಆಮೇಲೆ ಕೈ ಮೇಲಿನ ನಂಬಿಕೆನೇ ಹೋಯ್ತು. ಅಂಗಡೀಲಿ ವಾಚಿಗೆ ಮುಚ್ಚಳ ಹಾಕೋ ಮುಂಚೆ ಪ್ರತಿ ಸಲ ನನ್ನ ಕರೆಯೋರು. 'ಮಗಾ, ಸ್ಕ್ರೂ ಸರಿಯಾಗಿ ಕೂತಿದೆಯಾ ನೋಡು' ಅಂತ. ನಂಗೆ ಏಳು ವರ್ಷ ಇದ್ದಾಗಿಂದ ನೋಡಿದೀನಿ ಸರ್. ಒಂದೇ ಒಂದು ಸ್ಕ್ರೂ ತಪ್ಪಿರ್ಲಿಲ್ಲ."

ಸ್ಕೋರರ್ ಮೇಜಿನ ಅಂಚು ಹಿಡಿದುಕೊಂಡರು.

"ಆಸ್ಪತ್ರೇಲಿ ಕೊನೇ ವಾರ, 'ಅವರನ್ನ ಒಂದ್ಸಲ ಕೇಳು. ಪ್ಯಾಡಿಗೆ ತಾಗಿದ್ದು ನಿಜವಾಗ್ಲೂ ನೋಡಿದ್ರಾ ಅಂತ' ಅಂದ್ರು. ಇಲ್ಲಿಗೆ ಬರೋಕೆ ಧೈರ್ಯ ಸಾಲ್ದೆ ದಿನ ತಳ್ಳಿದೆ. ಹೇಳಿ ಸರ್. ನೋಡಿದ್ರಾ?"

ಹೌದು ಎಂಬ ಒಂದು ಮಾತು ಸಾಕಿತ್ತು. ಮಗಳು ಸಮಾಧಾನದಿಂದ ಮನೆಗೆ ಹೋಗುತ್ತಿದ್ದಳು, ನಲವತ್ತು ವರ್ಷದ ಹೆಸರೂ ಉಳಿಯುತ್ತಿತ್ತು. ಆ ಮಾತು ನಾಲಿಗೆ ತುದಿಗೆ ಬಂದೇ ಬಿಟ್ಟಿತ್ತು.

ಟಕ್, ಟಕ್, ಟಕ್.

ಅವಳು ಸರಕ್ಕನೆ ಕಿಟಕಿಯತ್ತ ತಿರುಗಿದಳು. "ಯಾರು ಸರ್ ಅದು? ಅಪ್ಪನ ಥರಾನೇ..."

ಅವಳಿಗೂ ಕೇಳಿಸಿತ್ತು. ಇಷ್ಟು ದಿನ ಸ್ಕೋರರ್ ಅದು ತಮ್ಮ ಕಿವಿಯೊಳಗಿನದು ಎಂದು ಸಮಾಧಾನ ಹೇಳಿಕೊಂಡಿದ್ದರು.

"ನೋಡ್ಲಿಲ್ಲಮ್ಮ" ಎಂದರು. "ತಲೆ ಬಗ್ಗಿಸಿ ಪೆನ್ಸಿಲ್ ಹೆರೀತಿದ್ದೆ. ನಿಮ್ಮಪ್ಪನ ನೂರು ಬರೆಯೋಕೆ ಅಂತ. ನೋಡ್ದೇನೇ ಕೈ ಎತ್ತಿದೆ, ನೋಡ್ದೇನೇ ಅಳಿಸಿದೆ."

"ಹಾಗಾದ್ರೆ ಅದು ನೂರೇ?"

"ಗೊತ್ತಿಲ್ಲ ತಾಯಿ. ನೋಡಿದ್ರೆ ತಾನೇ ಹೇಳೋಕೆ? ಆ ಅಂಪೈರೂ ಇಲ್ಲ, ಆ ಹಿರಿಯರೂ ಇಲ್ಲ. ಈಗ ಯಾರಿಗೂ ಗೊತ್ತಿಲ್ಲ."

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೇ ಚೆನ್ನಾಗಿತ್ತು. "ಒಂದು ರನ್‌ಗೆ ಅಪ್ಪ ಅಳೋರಲ್ಲ ಸರ್" ಎಂದಳು. "ಅವತ್ತೇ ಹೇಳಿದ್ದಿದ್ರೆ ನಕ್ಕುಬಿಡೋರು. ಅವರ ಕೈ ಅವರಿಗೆ ಉಳೀತಿತ್ತು." ಫೋಟೋವನ್ನು ಮೇಜಿನ ಮೇಲಿಟ್ಟು ಎದ್ದಳು. "ಈಗ ನಂಗೆ ಹೇಳಿದ್ರಲ್ಲ, ಅದನ್ನೇ ಪುಸ್ತಕದಲ್ಲಿ ಬರೀರಿ."

ಅವಳ ಚಪ್ಪಲಿ ಸದ್ದು ಮೆಟ್ಟಿಲಿಳಿದು ಹೋಯಿತು. ಸ್ಕೋರರ್ ಪೆನ್ಸಿಲ್ ಎತ್ತಿಕೊಂಡು ಬರೆದರು: ತೊಂಬತ್ತೊಂಬತ್ತೋ ನೂರೋ ತಿಳಿಯದು. ಸ್ಕೋರರ್ ನೋಡುತ್ತಿರಲಿಲ್ಲ. ಕೆಳಗೆ ಸಹಿ ಹಾಕಿದರು. ಇನ್ನು ಮುಗಿಯಿತು, ಇನ್ನು ಅವನು ಬರುವುದಿಲ್ಲ ಎಂದುಕೊಂಡು ಕಣ್ಣೊರೆಸಿಕೊಂಡರು.

ಟಕ್, ಟಕ್, ಟಕ್.

ಅವನಿಗೆ ಬೇಕಾಗಿದ್ದುದು ಬರಹವಲ್ಲ ಎಂದು ಅವರಿಗೆ ಆಗ ಹೊಳೆಯಿತು. ಪೆನ್ಸಿಲ್ ದೂರ ಸರಿಸಿದರು, ಕನ್ನಡಕ ಒರೆಸಿ ಹಾಕಿಕೊಂಡರು, ತಲೆ ಎತ್ತಿ ನೇರವಾಗಿ ಪಿಚ್ಚನ್ನೇ ನೋಡಿದರು. ಹೊದಿಕೆ, ಇಟ್ಟಿಗೆ, ಮಧ್ಯಾಹ್ನದ ಬಿಸಿಲು. ಅಲ್ಲಿ ಯಾರೂ ಇರಲಿಲ್ಲ. ಆದರೂ ಅಂದು ನೋಡದೆ ಬಿಟ್ಟ ಆ ಚೆಂಡು ಬರುವವರೆಗೆ ಕಣ್ಣು ಮಿಟುಕಿಸಬಾರದೆಂದು ಸ್ಕೋರರ್ ಕೂತೇ ಇದ್ದರು.