ಗೋಡೆಯ ಮೇಲಿನ ಮಾಂಜ್ರಾ

ಮಾಂಜ್ರಾಳ ಹೊಟ್ಟೆಯ ಕೆಳಗಿನ ಗಂಟನ್ನು ಮೊದಲು ಕಂಡವಳು ಶಿವಕಾಂತಮ್ಮ. ಬಾಳೆಗೆ ನೀರು ತಿರುವಿ ಮನೆಗೆ ಬಂದ ಗಂಡನಿಗೆ, "ನಿಮ್ಮ ಪೊಲೀಸಮ್ಮನ ಹೊಟ್ಟಿ ಒಂದಿಷ್ಟು ಮುಟ್ಟಿ ನೋಡ್ರಿ" ಅಂದಳು. ಭೀಮಶಾ ಕೈ ತೊಳೆದುಕೊಂಡು, ನಾಯಿಯನ್ನು ಮಗ್ಗುಲಿಗೆ ಮಲಗಿಸಿ ಬೆರಳಾಡಿಸಿದ. ಹಿಂದಿನ ಮೊಲೆಯ ಹತ್ತಿರ ನಿಂಬೆಕಾಯಿಯಷ್ಟು ಗಂಟು. ಮಾಂಜ್ರಾ ಕಣ್ಣು ಅರೆಮುಚ್ಚಿ ಬಿದ್ದುಕೊಂಡಿತ್ತು. ಅವನ ಕೈ ಎಲ್ಲಿ ಹೋದರೂ ಅದಕ್ಕೆ ಅನುಮಾನವಿರಲಿಲ್ಲ.

ಕಮಲಾಪುರದ ದನದ ದವಾಖಾನೆಯ ಡಾಕ್ಟರ್ ಯಶೋಧರಾ ಒತ್ತಿ ನೋಡಿ ಮುಖ ಸಣ್ಣದು ಮಾಡಿಕೊಂಡರು. "ಇದನ್ನ ತೆಗೀಬೇಕ್ರಿ. ತಡ ಮಾಡಿದ್ರ ಪುಪ್ಪುಸಕ್ಕ ಹೋಗ್ತದ. ನನ್ನ ಕಡಿ ಅಷ್ಟು ಸಾಮಾನಿಲ್ಲ, ಕಲಬುರಗಿಯೊಳಗ ಆಗಬೇಕು. ನಿಮ್ಮ ಪೊಲೀಸ್ ದಳದವ್ರು ಒಂದು ಚೀಟಿ ಕೊಟ್ರ ಎಲ್ಲಾ ಸರ್ಕಾರದ್ದೇ ಅಲ್ರೀ?"

"ಹೌದ್ರಿ ಮೇಡಂ. ನಮ್ಮ ಅಣ್ಣ ಅದಾನ ಅಲ್ಲಿ."

"ಆಪರೇಷನ್ ದಿನ ನೀವೇ ಮಗ್ಗುಲಾಗ ಇರ್ರಿ. ವಯಸ್ಸಾದ ನಾಯಿ, ಮತ್ತಿನಿಂದ ಲಗೂನ ಏಳೂದಿಲ್ಲ. ಹೆಸರು ಹಿಡದು ಕರಕೋತ ಇರಬೇಕು. ಗುರುತಿನ ದನಿ, ಗುರುತಿನ ಹೆಸರು, ಅದೇ ಎಳಕೊಂಡು ಬರ್ತದ."

ಅಣ್ಣ ಅಂದದ್ದು ದೇವೀಂದ್ರಪ್ಪನನ್ನು. ಒಡಹುಟ್ಟಿದವನಲ್ಲ, ಜಾತಿಯವನೂ ಅಲ್ಲ. ಕಲಬುರಗಿಯ ಶ್ವಾನದಳದಲ್ಲಿ ಮದ್ದುಗುಂಡಿನ ವಾಸನೆ ಹಿಡಿಯುತ್ತಿದ್ದ ಮಾಂಜ್ರಾಗೆ ಇಬ್ಬರು ಒಡೆಯರು. ಮೊದಲ ಕೈ ಭೀಮಶಾನದು, ಎರಡನೆಯದು ದೇವೀಂದ್ರಪ್ಪನದು. ಈ ಎರಡು ಕೈ ಬಿಟ್ಟು ಮೂರನೆಯವರು ಕೊಟ್ಟರೆ ಅದು ಅನ್ನ ಮೂಸುತ್ತಿರಲಿಲ್ಲ. ಕಲಿಸುವಾಗ ಉಸ್ತಾದರು ಇಬ್ಬರಿಗೂ ಒಂದು ಕಟ್ಟಪ್ಪಣೆ ಮಾಡಿದ್ದರು: ಒಬ್ಬ ಕರೆದಾಗ ಇನ್ನೊಬ್ಬ ಬಾಯಿ ಬಿಡಬಾರದು. ಒಬ್ಬ 'ಬಾ' ಅಂದು ಇನ್ನೊಬ್ಬ 'ಬ್ಯಾಡ' ಅಂದರೆ ನಾಯಿ ಕೆಡುತ್ತದೆ, ಆಮೇಲೆ ಯಾವ ಮಾತನ್ನೂ ನಂಬುವುದಿಲ್ಲ. ಜಗತ್ ಸರ್ಕಲ್ಲಿನಲ್ಲಿ ಮೆರವಣಿಗೆಗೆ ಮುಂಚೆ, ಕೋಟೆಯ ಬಾಗಿಲಲ್ಲಿ ಮಂತ್ರಿಗಳ ಕಾರು ಬರುವ ಮುಂಚೆ ಮಾಂಜ್ರಾ ನೆಲ ಮೂಸುತ್ತ ಹೋಗುವಾಗ ಇಬ್ಬರೂ ಆ ಮಾತನ್ನು ಒಮ್ಮೆಯೂ ಮುರಿದಿರಲಿಲ್ಲ. ಮಧ್ಯಾಹ್ನ ಇಬ್ಬರೂ ಕೂಡುತ್ತಿದ್ದದ್ದು ಒಂದೇ ಬುತ್ತಿಯ ಮುಂದೆ. ಶಿವಕಾಂತಮ್ಮನ ಪುಂಡಿಪಲ್ಲೆಯ ಡಬ್ಬಿಗೆ ಮೊದಲ ದಿನವೇ ಕೈ ಹಾಕಿದವನು ದೇವೀಂದ್ರಪ್ಪ. ದಳದ ಉಳಿದವರು ಆ ಜಾತಿಯ ಬುತ್ತಿ ಮುಟ್ಟದೆ ಅತ್ತಿತ್ತ ನೋಡುತ್ತಿದ್ದಾಗ, "ಏನ್ ನೋಡ್ತೀರಲೇ, ರೊಟ್ಟಿ ಖಾಲಿ ಆಗ್ತದ" ಅಂದಿದ್ದ. ಭೀಮಶಾ ಅದನ್ನು ಮರೆತಿರಲಿಲ್ಲ.

ಮಾಂಜ್ರಾ ನಿವೃತ್ತಿಯಾದ ದಿನವೇ ಭೀಮಶಾನೂ, ಅವಧಿ ಇನ್ನೂ ಇದ್ದರೂ, ಸ್ವಇಚ್ಛೆಯಿಂದ ನಿವೃತ್ತನಾದ. ಇಬ್ಬರಿಗೂ ಶಾಲು, ಇಬ್ಬರಿಗೂ ಮಾಲೆ. "ಈಕಿ ಸರ್ಕಾರದ ಮಗಳು, ಬದುಕಿರೋತನಕ ಔಷಧ ಉಪಚಾರ ನಮ್ಮದು" ಎಂದು ಸಾಹೇಬರು ಮೈಕಿನಲ್ಲಿ ಹೇಳಿದರು. ಮಂದಿ ಚಪ್ಪಾಳೆ ಹೊಡೆದರು. ಕೆಳಗಿಳಿದ ಮೇಲೆ ದೇವೀಂದ್ರಪ್ಪ ಹೆಗಲ ಮೇಲೆ ಕೈ ಹಾಕಿ, "ಮೈಕಿನ ಮಾತು ಬಿಡು. ನಾ ಇನ್ನೂ ದಳದಾಗ ಇರ್ತೀನಿ. ಆಕಿದೇನಿದ್ರೂ ನನಗ ಬಿಡು" ಅಂದ. ಮಾತಿನಂತೆ ಎರಡು ವರ್ಷ ಸೂಜಿ, ಗುಳಿಗೆ, ಕೀಲುನೋವಿನ ಎಣ್ಣೆ ಎಲ್ಲ ಬಂದವು. ಹೋದ ದೀಪಾವಳಿಗೆ ಫೋನ್ ಮಾಡಿ, "ಆಕಿದೊಂದು ಛಲೋ ಫೋಟೊ ಕಳಸೋ ತಮ್ಮಾ. ಕುತ್ತಿಗಿ ನೆಟ್ಟಗಿರಲಿ, ಕಣ್ಣು ಕಾಣಲಿ" ಅಂದ. ಭೀಮಶಾ ನಾಯಿಗೆ ಮೈ ತೊಳೆದು, ಕೆಂಪು ಬಾಳೆಯ ಸಾಲಿನ ಮುಂದೆ ಕೂರಿಸಿದ. ಮಗಳು ಪಂಚಶೀಲಾ ಗದ್ದಕ್ಕೆ ಕೈ ಕೊಟ್ಟು ಮುಖ ಎತ್ತಿ ಹಿಡಿದಳು. "ಯಾಕಂತ ಫೋಟೊ?" ಎಂದು ಶಿವಕಾಂತಮ್ಮ ಕೇಳಿದ್ದಕ್ಕೆ, "ಸ್ಕೀಮಿಗಿ ಬೇಕಾಗಿರ್ತದ" ಅಂದಿದ್ದ.

ಅದಾದ ಮೇಲೆ ಔಷಧ ಬರಲಿಲ್ಲ. ಕೇಳಿದಾಗಲೆಲ್ಲ "ಸ್ವಲ್ಪ ತಡಿ" ಎಂಬ ಉತ್ತರ. ಗಂಟಿನ ಸುದ್ದಿ ಹೇಳಿದಾಗ ದೇವೀಂದ್ರಪ್ಪ, "ನೋಡ್ತೀನಿ. ನೀ ಮಾತ್ರ ಆಕಿನ್ನ ಇಲ್ಲಿಗಿ ಕರಕೊಂಡು ಬರಬ್ಯಾಡ, ಸುಮ್ನ ಯಾಕ ದಣಿಸ್ತಿ" ಅಂದ. ಗಂಟು ನಿಂಬೆಕಾಯಿ ಹೋಗಿ ಪೇರಲಕಾಯಿಯಾಯಿತು. ಭೀಮಶಾ ಇನ್ನು ತಡೆಯಲಿಲ್ಲ.

ಬಾಳೆ ಹೇರಿಕೊಂಡು ಕಲಬುರಗಿಗೆ ಹೊರಟಿದ್ದ ಆಮಿರ್‌ನ ಟೆಂಪೊದಲ್ಲಿ ಹೊರಟರು. ಮಾಂಜ್ರಾಳನ್ನು ಹಿಂದೆ ಗೊನೆಗಳ ನಡುವೆ ಹತ್ತಿಸಲು ಹೋದರೆ ಆಮಿರ್ ಬಿಡಲಿಲ್ಲ. "ಕಾಕಾ, ಆಕಿ ಡಿಪಾರ್ಟ್‌ಮೆಂಟ್ ಮಂದಿ, ಮುಂದಿನ ಸೀಟು ಆಕೀದು. ನೀವು ಬೇಕಾದ್ರ ಬಾಳೀ ಜೋಡಿ ಕೂಡ್ರಿ."

"ಹೌದಪ್ಪ, ಪೆನ್ಷನ್ ನನಗ, ಮಾನ ಆಕಿಗಿ" ಎಂದು ಭೀಮಶಾ ನಕ್ಕ. ಮೂವರೂ ಮುಂದೆಯೇ ಒತ್ತಿಕೊಂಡು ಕೂತರು.

ದಳದ ಗೇಟಿನಲ್ಲಿ ಮಾಂಜ್ರಾಗೆ ಹಳೆಯ ಗತ್ತು ಬಂತು. ಕಿವಿ ನಿಮಿರಿತು, ನಡಿಗೆ ಬಿಗಿಯಾಯಿತು. ಅಂಗಳದಲ್ಲಿ ಮಲ್ಲಿಕಾ ಎಂಬ ಹೊಸ ಕಾನ್‌ಸ್ಟೆಬಲ್ ಒಂದು ಎಳೆಯ ನಾಯಿಗೆ ಬಾಚಣಿಗೆ ಆಡಿಸುತ್ತಿದ್ದಳು.

"ಯಾರು ಬೇಕ್ರಿ ಕಾಕಾ?"

"ದೇವೀಂದ್ರಣ್ಣ ಅದಾನೇನವ್ವ?"

"ಡೇರೆದಾಗ ನಾಯಿಗಳಿಗಿ ಮಾಂಸ ತೂಗಸ್ಲಾಕತ್ತಾರ. ಬರ್ತಾರ, ನೆರಳಿಗಿ ನಿಂದ್ರಿ." ಆಕೆಯ ಕಣ್ಣು ನಾಯಿಯ ಮೇಲೆ ಹೋಯಿತು. "ಅಯ್ಯ, ಥೇಟ್ ನಮ್ಮ ಮಾಂಜ್ರಾ ಕಂಡಂಗ ಕಾಣ್ತದಲ್ರೀ! ಆಕಿ ತಂಗೀನಾ?"

"ಯಾವ ಮಾಂಜ್ರಾ?"

"ಅಕೋ ನೋಡ್ರಿ."

ವರಾಂಡದ ಗೋಡೆಯ ಮೇಲೆ ಚೌಕಟ್ಟು ಹಾಕಿದ ಫೋಟೊ ಇತ್ತು. ಅದಕ್ಕೆ ಒಣಗಿದ ಚೆಂಡುಹೂವಿನ ಮಾಲೆ. ಹಿಂದೆ ಬಾಳೆಯ ಕೆಂಪು ದಿಂಡುಗಳು. ಎತ್ತಿದ ಗದ್ದದ ಕೆಳಗೆ ಹಸಿರು ಬಳೆ ಹಾಕಿದ ಒಂದು ಕೈ. ಭೀಮಶಾ ಆ ಬಳೆಗಳನ್ನು ನೋಡುತ್ತ ನಿಂತ.

"ಭಾಳ ಹುಷಾರ್ ನಾಯಿ ಇತ್ತಂತ್ರಿ" ಮಲ್ಲಿಕಾ ಹೇಳುತ್ತಲೇ ಇದ್ದಳು. "ದೀಪಾವಳಿ ಮುಂದ ತೀರಿಕೊಂಡ್ಳು. ಕಮಲಾಪುರದಾಗ ಭೀಮಶಾ ಅಂತ ಆಕಿ ಹ್ಯಾಂಡ್ಲರ್, ಅವರ ಹೊಲದಾಗೇ ಮಣ್ಣು ಮಾಡ್ಯಾರ. ಫೋನಿನಾಗ ಆ ಮನುಷ್ಯ ಅತ್ತದ್ದು ಕೇಳ್ಲಾಕ ಆಗಲಿಲ್ಲ ಅಂತ ದೇವೀಂದ್ರಪ್ಪ ಸರ್ ಹೇಳಿದ್ರು. ನಾವೆಲ್ಲ ಇಲ್ಲೇ ಸಾಲಾಗಿ ನಿಂತು ಸೆಲ್ಯೂಟ್ ಹೊಡದೀವ್ರಿ."

ಭೀಮಶಾ ತಾನು ಯಾರೆಂದು ಹೇಳಲು ತಿರುಗಿದ. ಅಷ್ಟರಲ್ಲಿ ಕೈಯಲ್ಲಿದ್ದ ಹಗ್ಗ ಜಗ್ಗಿತು. ದೇವೀಂದ್ರಪ್ಪ ಡೇರೆಯಿಂದ ಹೊರಗೆ ಬಂದಿದ್ದ. ಮಾಂಜ್ರಾ ನೋವು ಮರೆತು ಎಳೆದುಕೊಂಡು ಹೋಗಿ ಅವನ ಮೊಣಕಾಲಿಗೆ ತಲೆ ತಿಕ್ಕಿತು, ಕುಂಯ್‌ಗುಟ್ಟಿತು, ಬಾಲದಿಂದ ಅವನ ಕಾಲಿಗೆ ಹೊಡೆಯಿತು. ದೇವೀಂದ್ರಪ್ಪನ ಕೈ ತಾನಾಗಿಯೇ ಅದರ ಕಿವಿಯ ಹಿಂದಕ್ಕೆ ಹೋಯಿತು. ಆಮೇಲೆ ಭೀಮಶಾನನ್ನು ಕಂಡ. ಭೀಮಶಾನ ಹಿಂದಿನ ಗೋಡೆಯನ್ನೂ ಕಂಡ.

"ಮಲ್ಲಿಕಾ, ನೀ ಬಿಜಲಿನ್ನ ಒಳಗ ಕಟ್ಟವ್ವ" ಅಂದ.

ಆಕೆ ಎಳೆಯ ನಾಯಿಯನ್ನು ಎಬ್ಬಿಸಿಕೊಂಡು ಒಳಗೆ ಹೋದಳು.

"ಬರಬ್ಯಾಡ ಅಂದಿದ್ನಲ್ಲೋ."

"ಸತ್ತವರು ಬರಬಾರದು, ಖರೆ."

"ಹಂಗನಬ್ಯಾಡ. ಕೇಳಿಲ್ಲಿ." ದೇವೀಂದ್ರಪ್ಪ ದನಿ ತಗ್ಗಿಸಿದ. "ದುಡಿಯೋ ನಾಯಿಗೂ ಮುದಿ ನಾಯಿಗೂ ಒಂದೇ ರೊಕ್ಕದ ಚೀಲ, ತಮ್ಮಾ. ಆ ಬಿಜಲಿಗಿ ಉಣ್ಣಿ ಜ್ವರ ಬಂದು ರಕ್ತ ಏರಸಬೇಕಾತು. ಚೀಲದಾಗ ಏನೂ ಉಳೀಲಿಲ್ಲ. ಮ್ಯಾಲಿನವ್ರು, ರಿಟೈರ್ ಆದ ನಾಯೀದು ಇನ್ನೂ ಯಾಕ ನಡದದ ಅಂತ ಕೇಳಿದ್ರು. ನನ್ನ ಬಾಯಿಗಿ ಬಂತು, ತೀರಿಕೊಂಡಾಳ ಸರ್ ಅಂದುಬಿಟ್ಟೆ. ಅಂದ ಮ್ಯಾಲ ಫೋಟೊ ಕೇಳಿದ್ರು."

"ಅದನ್ನ ನನ್ನ ಕೈಲೇ ತಗಸಿದಿ."

"ಆಗ ಆಕಿ ಗಟ್ಟಿಮುಟ್ಟಿ ಇದ್ದಳಲ್ಲೋ! ಯಾರಿಗಿ ಏನು ನಷ್ಟ ಅಂದ್ಕೊಂಡೆ. ಆಕಿ ಪಾಲಿನ ರೊಕ್ಕದಾಗ ಒಂದು ಎಳೀ ಜೀವ ಉಳೀತು."

"ಸೆಲ್ಯೂಟ್ ಹೊಡದ್ರಂತ. ನೀನೂ ಹೊಡದೇನು?"

ದೇವೀಂದ್ರಪ್ಪ ನೆಲ ನೋಡಿದ. "ಹೊಡದೆ. ನಿಮ್ಮ ಬುದ್ಧನ ಆಣಿ ಹಾಕು ಅಂದ್ರ ಹಾಕ್ತೀನಿ, ಕಣ್ಣಾಗ ನೀರೂ ಬಂದ್ವು."

"ಅಣ್ಣಾ, ಆಣಿ ಮಾಡೂದಿದ್ರ ನಿನ್ನ ದೇವರದು ಮಾಡು" ಅಂದ ಭೀಮಶಾ. "ನನ್ನ ಅಳುನೂ ನೀನೇ ಅತ್ತಿ, ನನ್ನ ಹೊಲದಾಗ ಕುಣೀನೂ ನೀನೇ ತೋಡಿದಿ. ಬುದ್ಧನನ್ನಾದ್ರೂ ನನಗ ಬಿಡು."

ಮಾಂಜ್ರಾ ಇಬ್ಬರ ನಡುವೆ ಕೂತು, ಮಾತಾಡಿದವರ ಕಡೆಗೆ ಮುಖ ತಿರುಗಿಸುತ್ತಿತ್ತು.

"ಹಾದಿ ಅದ" ದೇವೀಂದ್ರಪ್ಪ ಹತ್ತಿರ ಸರಿದ. "ಇವತ್ತೇ ದವಾಖಾನಿಗಿ ಹೋಗೂಣು. ಬಿಜಲಿ ಹೆಸರಿನ ಮ್ಯಾಲ ಚೀಟಿ ಕೊಡ್ತೀನಿ. ಅಲ್ಲಿನವ್ರು ನನ್ನ ಗುರುತಿನವ್ರೇ. ಬಿಜಲಿ ಅಂತ ಒಳಗ ಹೋಗ್ಲಿ, ಗಂಟು ತೆಗಸೂಣು, ಬಿಜಲಿ ಅಂತ ಹೊರಗ ಬರ್ಲಿ. ನಿನಗ ಆಕಿ ಜೀವ ಬೇಕೋ, ಹೆಸರು ಬೇಕೋ?"

ಭೀಮಶಾ ನಾಯಿಯ ಹೊಟ್ಟೆಯ ಕಡೆ ನೋಡಿದ. ಹೂಂ ಅನ್ನಲು ಬಾಯಿ ತೆರೆದೂ ಇದ್ದ. ಡಾಕ್ಟರು ಹೇಳಿದ ಮಾತು ಆಗ ಅಡ್ಡ ಬಂತು. ಔಷಧದ ಮತ್ತು ಇಳಿಯುವ ಹೊತ್ತಿಗೆ ಆಪರೇಷನ್ ಮೇಜಿನ ಸುತ್ತ ನಿಂತವರೆಲ್ಲ ಬಿಜಲಿ, ಬಿಜಲಿ ಎಂದು ಕರೆಯುತ್ತಾರೆ. ಪಕ್ಕದಲ್ಲಿ ನಿಂತ ತಾನೂ ಹಾಗೆಯೇ ಕರೆಯಬೇಕು. ಯಾರನ್ನೋ ಕರೆಯುತ್ತಿದ್ದಾರೆ, ನನ್ನನ್ನಲ್ಲ ಅಂದುಕೊಂಡು ಮಾಂಜ್ರಾ ಸುಮ್ಮನೆ ಮಲಗಿಯೇ ಇರುತ್ತದೆ. ಬೇರೆ ಹೆಸರಿಗೆ ಏಳಬಾರದೆಂದು ಕಲಿಸಿದವರು ತಾವಿಬ್ಬರೇ.

"ಆ ಹೆಸರಿಗಿ ಈಕಿ ಏಳೂದಿಲ್ಲಣ್ಣ. ನಿನಗೂ ಗೊತ್ತದ."

"ಮತ್ತೇನು ಮಾಡ್ತಿ?"

ಭೀಮಶಾ ಗೋಡೆಯ ಬಳಿ ಹೋಗಿ ಮಾಲೆಯನ್ನು ಮೊಳೆಗೇ ಬಿಟ್ಟು, ಚೌಕಟ್ಟನ್ನು ಕೆಳಗಿಳಿಸಿ ಕಂಕುಳಲ್ಲಿಟ್ಟುಕೊಂಡ. "ಸಾಹೇಬ್ರ ಮುಂದ ನಿಂದ್ರಸ್ತೀನಿ. ಉಸಿರಾಡ್ತಾಳೋ ಇಲ್ಲೋ ಅವರೇ ನೋಡಲಿ."

"ನನ್ನ ನೌಕರಿ ಇನ್ನ ಒಂದೇ ವರ್ಷ ಅದಲೇ ಭೀಮಶಾ!"

ಭೀಮಶಾ ತಿರುಗಲಿಲ್ಲ. ಹತ್ತು ಹೆಜ್ಜೆ ಹೋಗಿರಲಿಕ್ಕಿಲ್ಲ, ಹಿಂದಿನಿಂದ ದೇವೀಂದ್ರಪ್ಪ ಕರೆದ. ಕೆಲಸದ ದಿನಗಳಲ್ಲಿ ಕರೆಯುತ್ತಿದ್ದ ಅದೇ ರಾಗ. "ಮಾಂಜ್ರಾ... ಬಾ." ಕೈಯಲ್ಲಿ ಬಿಸ್ಕೀಟು ಇತ್ತು. ನಾಯಿ ನಿಂತಿತು. ಹಗ್ಗ ಸಡಿಲವಾಗಿತ್ತು. ಭೀಮಶಾ ಜಗ್ಗಲಿಲ್ಲ, ಹಗ್ಗ ಬಿಟ್ಟುಕೊಟ್ಟ. ಅದು ತಿರುಗಿ ಹೋಗಿ ಆ ಕೈಯಿಂದ ಬಿಸ್ಕೀಟನ್ನು ಮೆಲ್ಲಗೆ ಬಾಯಿಗೆ ತೆಗೆದುಕೊಂಡಿತು.

ಒಬ್ಬ ಕರೆದಾಗ ಇನ್ನೊಬ್ಬ ಬಾಯಿ ಬಿಡಬಾರದು.

"ಬಿಡು" ಅಂದ ಭೀಮಶಾ.

ಮಾಂಜ್ರಾ ಹಲ್ಲುಗಳ ನಡುವೆ ಬಿಸ್ಕೀಟು ಹಿಡಿದುಕೊಂಡೇ ಇವನನ್ನು ನೋಡಿತು, ಅವನನ್ನು ನೋಡಿತು. ಅದರ ತೊಡೆ ನಡುಗತೊಡಗಿತು. ಯಾವ ಗದ್ದಲದಲ್ಲೂ, ಯಾವ ಪಟಾಕಿಗೂ ನಡುಗಿದ ನಾಯಿಯಲ್ಲ ಅದು. ಕೊನೆಗೆ ಬಿಸ್ಕೀಟು ಮಣ್ಣಿಗೆ ಬಿತ್ತು. ಬಾಲ ಕಾಲಸಂದಿಗೆ ಹಾಕಿಕೊಂಡು, ತಪ್ಪು ಮಾಡಿದವರ ಹಾಗೆ ಭೀಮಶಾನ ಬಳಿಗೆ ಬಂತು. ಅಷ್ಟು ವರ್ಷ ಕೆಡಿಸದೆ ಇಟ್ಟದ್ದನ್ನು ತಾನೇ ಕೆಡಿಸಿದೆ ಎಂದು ಅವನಿಗೆ ಗೊತ್ತಾಯಿತು. ಕೆಡಿಸುವ ಹಾಗೆ ಮಾಡಿದ್ದಕ್ಕೆ, ಎಲ್ಲಕ್ಕಿಂತ ಅದಕ್ಕೇ, ಆ ಮನುಷ್ಯನನ್ನು ಇನ್ನು ಅಣ್ಣ ಅನ್ನಲಾರೆ ಅನ್ನಿಸಿತು.

ಸಾಹೇಬರ ಬಾಗಿಲ ಹೊರಗೆ ಉದ್ದನೆಯ ಬೆಂಚು. ಬಾಗಿಲು ಕಾಯುತ್ತಿದ್ದ ಬಂದೂಕಿನವನು ಕೇಳಿದ, "ಏನ್ ಕೆಲಸ್ರಿ?"

"ಈಕಿ ಜೀವಂತ ಅದಾಳ ಅಂತ ಹೇಳ್ಲಾಕ ಬಂದೀನ್ರಿ."

ಅವನು ನಾಯಿಯನ್ನು, ಕಂಕುಳಲ್ಲಿನ ಫೋಟೊವನ್ನು ನೋಡಿ, "ಕೂಡ್ರಿ. ಮೀಟಿಂಗ್ ನಡದದ" ಅಂದ.

ಕೂತರು. ನೆರಳು ಬೆಂಚಿನಿಂದ ಜಾರಿ ಗೋಡೆಗೆ ಹತ್ತಿತು. ಭೀಮಶಾ ನಾಯಿಯ ತಲೆಯ ಮೇಲೆ ಕೈಯಿಟ್ಟು, ಸಣ್ಣ ದನಿಯಲ್ಲಿ "ಮಾಂಜ್ರಾ, ಮಾಂಜ್ರಾ" ಎಂದು ಕರೆಯುತ್ತಿದ್ದ. ಸುಮ್ಮನೆ, ರೂಢಿ ತಪ್ಪದಿರಲಿ ಅಂತ.

ಆಗ ಸಾಹೇಬರ ಕೋಣೆಯ ಪಕ್ಕದ ಬಾಗಿಲು ತೆರೆಯಿತು. ಟೊಪ್ಪಿಗೆ ಸರಿಮಾಡಿಕೊಂಡು ದೇವೀಂದ್ರಪ್ಪ ಭೀಮಶಾನಿಗಿಂತ ಮೊದಲೇ ಒಳಗೆ ಹೊರಟಿದ್ದ. ಬಂದೂಕಿನವನು ಅವನನ್ನು ತಡೆಯಲಿಲ್ಲ. ದೇವೀಂದ್ರಪ್ಪ ಬೆಂಚಿನ ಕಡೆ ನೋಡಲಿಲ್ಲ.

ಮಾಂಜ್ರಾ ನೋಡಿತು. ಅದರ ಬಾಲ ನೆಲಕ್ಕೆ ತಟ್ಟಿತು, ಮತ್ತೆ ತಟ್ಟಿತು. ಒಳಗಿನಿಂದ ಬಾಗಿಲು ಮುಚ್ಚಿದ ಮೇಲೂ ತಟ್ಟುತ್ತಲೇ ಇತ್ತು.