ಹತ್ತನೆಯ ಗಾಯಕಿ

ಆಸ್ಪತ್ರೆಯ ನೆಲಮಾಳಿಗೆಯಲ್ಲಿದ್ದ ಲಾಂಡ್ರಿಗೆ ಕಿಟಕಿಗಳಿರಲಿಲ್ಲ. ಒಗೆಯುವ ಯಂತ್ರಗಳು ಆರು, ಹಬೆಯ ಇಸ್ತ್ರಿಯಂತ್ರ ಒಂದು. ಅವು ಓಡುತ್ತಿರುವಷ್ಟು ಹೊತ್ತು ಅಲ್ಲಿ ಮಾತೆಂಬುದು ಕಿವಿಗಲ್ಲ, ಕಣ್ಣಿಗೆ ಸೇರಿದ ವ್ಯವಹಾರ. ಹೊಸಬರು ಕೂಡ ಆರು ತಿಂಗಳಲ್ಲಿ ಎದುರಿನವರ ತುಟಿ ಓದಲು ಕಲಿತುಬಿಡುತ್ತಿದ್ದರು. ಇಪ್ಪತ್ತೆರಡು ವರ್ಷಗಳಿಂದ ಅಲ್ಲಿ ಹೊದಿಕೆ ಮಡಿಸುತ್ತಿದ್ದ ದೊಡ್ಡಮ್ಮ ಅದರಲ್ಲಿ ಎತ್ತಿದ ಕೈ. ಆದುದರಿಂದಲೇ, ನಾಲ್ಕು ತಿಂಗಳ ಹಿಂದೆ ಅವಳ ಎರಡೂ ಕಿವಿಗಳು ಪೂರ್ತಿ ಕೈಕೊಟ್ಟದ್ದು ಯಾರ ಗಮನಕ್ಕೂ ಬಂದಿರಲಿಲ್ಲ.

ಬರಲೂ ಕೂಡದು. ಇಸ್ತ್ರಿಯಂತ್ರದ ಮುಚ್ಚಳ ಇಳಿಯುವ ಮುನ್ನ ಕಿವಿ ತೂತಾಗುವಂತೆ ಗಂಟೆ ಹೊಡೆಯುತ್ತದೆ. ಅದು ಕೇಳದವರು ಅಲ್ಲಿ ನಿಲ್ಲುವಂತಿಲ್ಲ. ಕಿವಿ ಮಂದವಾದ ಒಬ್ಬನನ್ನು ಹೋದ ತಿಂಗಳಷ್ಟೇ ಮನೆಗೆ ಕಳಿಸಿದ್ದರು. ಮನೆಯೆಂದರೆ ದೊಡ್ಡಮ್ಮನಿಗೆ ತಮ್ಮನ ಮನೆಯ ಹಿಂದಿನ ಕೋಣೆ. ಪಕ್ಕದ ಕಟ್ಟಡದ ಗೋಡೆಯನ್ನು ದಿಟ್ಟಿಸುವ ಒಂದು ಕಿಟಕಿ. ಹೊದಿಕೆಯ ಇನ್ನೊಂದು ತುದಿ ಹಿಡಿಯುತ್ತಿದ್ದವಳು ತಂಗಿಯ ಮಗಳು. ಗಂಟೆ ಕೇಳಿ ಆ ಹುಡುಗಿ ಇಸ್ತ್ರಿಯಂತ್ರದಿಂದ ಕೈ ಹಿಂದೆಗೆದಾಗ ತಾನೂ ಹಿಂದೆಗೆಯುತ್ತ ದೊಡ್ಡಮ್ಮ ದಿನ ನೂಕುತ್ತಿದ್ದಳು.

ಆ ಮಧ್ಯಾಹ್ನ ಊಟದ ಬಿಡುವಿಗೆ ಯಂತ್ರಗಳು ನಿಂತಿದ್ದವು. ಮೇಸ್ತ್ರಿ ಗೋಡೆಯ ರಟ್ಟಿನ ಮೇಲೆ ಅತ್ಯುತ್ತಮ ಪಾಪ್ ಗಾಯಕಿಯರ ಪಟ್ಟಿ ಬರೆಯುತ್ತಿದ್ದ. ಬಿಡುವಿನಲ್ಲಿ ಯಾರ ಹಾಡು ಹಾಕಬೇಕೆಂಬ ದಿನನಿತ್ಯದ ಜಗಳಕ್ಕೆ ಅವನು ಕಂಡುಕೊಂಡ ಮದ್ದು ಅದು. ಒಂಬತ್ತು ಹೆಸರು ತುಂಬಿ, ಹತ್ತನೆಯದಕ್ಕೆ ಗಾಡಿ ನಿಂತಿತ್ತು.

“ಬೆಳ್ಳಿ ಬೂಟಿನವಳನ್ನ ಹಾಕಿ,” ಅಂದಳು ತಂಗಿಯ ಮಗಳು.

ಇಸ್ತ್ರಿಯಂತ್ರ ನಡೆಸುವ ಇಸ್ತ್ರಿಯಕ್ಕ ಮೂಗು ಮುರಿದಳು. “ಅವಳು ಹಾಡ್ತಾಳೇನೇ? ಕುಣೀತಾಳೆ. ಕುಣಿಯೋರಿಗೆ ಬೇರೆ ಪಟ್ಟಿ ಮಾಡ್ಕೋ. ಆ ಗಂಟಲೆಲ್ಲ ಮಿಷನ್ನಲ್ಲಿ ರಿಪೇರಿಯಾಗಿ ಬರೋದು.”

“ನಿಮ್ಮ ಅಳುಮುಂಜಿಗಿಂತ ವಾಸಿ. ಒಂದೇ ಹಾಡನ್ನ ಹತ್ತು ಸಲ ಅತ್ತಿದ್ದಾಳೆ. ಅದು ಪಾಪ್ ಅಲ್ಲಕ್ಕ, ಪಾಪ!”

“ಸಾಕು ಸುಮ್ನಿರ್ರೇ,” ಮೇಸ್ತ್ರಿ ನಡುವೆ ಬಂದ. “ದೊಡ್ಡಮ್ಮ ಹೇಳಲಿ. ಆಚೆ ಬಾಗಿಲಲ್ಲಿ ನಿಂತು ಮಿಷನ್ನಿನ ಬೇರಿಂಗು ಸವೆದಿದೆ ಅಂದ ಕಿವಿ ಅದು. ಒಂದು ಹೊಸ ಹಾಡು ಹಾಕ್ತೀನಿ. ಪಟ್ಟಿಗೆ ಸಲ್ಲುತ್ತೋ ಇಲ್ವೋ, ಅವರದೇ ತೀರ್ಪು.”

ಅವನು ಗುಂಡಿ ಒತ್ತಿದ. ಮನುಷ್ಯರಿಗಾದರೆ ತುಟಿಗಳಿವೆ, ಸ್ಪೀಕರಿಗಿದ್ದುದು ಒಂದು ನೀಲಿ ದೀಪ ಮಾತ್ರ. ಅವಳು ಮುಖಗಳನ್ನು ಓದಿದಳು. ಹುಡುಗಿಯ ಹುಬ್ಬು ಮೇಲೇರಿತ್ತು. ಇಸ್ತ್ರಿಯಕ್ಕ ಬಾಯಿಯ ಮೇಲೆ ಕೈಯಿಟ್ಟಿದ್ದಳು. ಮನಸ್ಸು ಕರಗಿದೆಯೆಂದೇ ದೊಡ್ಡಮ್ಮ ಎಣಿಸಿದಳು.

“ಹುಡುಗಿ ಪರವಾಗಿಲ್ಲ,” ಎಂದಳು ಗಂಭೀರವಾಗಿ. “ಮೇಲಕ್ಕೆ ಹೋದಾಗ ಸ್ವಲ್ಪ ತೆಳ್ಳಗಾಗ್ತಾಳೆ. ಆದ್ರೂ ಕಂಠದಲ್ಲಿ ಹೆಣ್ತನ ಇದೆ. ಬರ್ಕೊಳ್ಳಿ.”

ಇಸ್ತ್ರಿಯಕ್ಕ ಹೊಟ್ಟೆ ಹಿಡಿದುಕೊಂಡು ಬಗ್ಗಿದಳು. “ಅಯ್ಯೋ ದೊಡ್ಡಮ್ಮ! ಹೆಣ್ತನ ಅಂತೆ! ದಪ್ಪ ಮೀಸೆಯ ಗಂಡಸು ಕಣ್ರೀ ಅವನು!”

“ನಾನು ತಮಾಷೆ ಮಾಡೋಕೆ ಹೋದ್ರೆ ನನ್ನನ್ನೇ ಕುರಿ ಮಾಡಿಬಿಟ್ರಲ್ಲ!” ಮೇಸ್ತ್ರಿ ಕಣ್ಣೊರೆಸಿಕೊಂಡ.

ದೊಡ್ಡಮ್ಮ ತುಟಿ ಅಗಲಿಸಿ ತಾನೂ ನಕ್ಕವಳಂತಿದ್ದಳು. ತಂಗಿಯ ಮಗಳು ನಗಲಿಲ್ಲ.

ಬಿಡುವು ಮುಗಿದು ನೆಲ ಮತ್ತೆ ನಡುಗತೊಡಗಿತು. ಇಬ್ಬರ ನಡುವೆ ಬಿಳಿಯ ಹೊದಿಕೆ ಚಾಚಿತ್ತು. ಅದರಾಚೆಯಿಂದ ಹುಡುಗಿಯ ತುಟಿಗಳು ನಿಧಾನವಾಗಿ ಕೇಳಿದವು: “ಯಾವಾಗಿಂದ?”

ದೊಡ್ಡಮ್ಮ ತಲೆ ತಗ್ಗಿಸಿದಳು. ಹುಡುಗಿ ಬಟ್ಟೆಯನ್ನು ಜಗ್ಗಿ ಅವಳ ಮುಖವೆತ್ತಿಸಿದಳು. ಬಟ್ಟೆಯ ಅಂಚಿನ ಮೇಲೆ ದೊಡ್ಡಮ್ಮನ ನಾಲ್ಕು ಬೆರಳು ಬಿಡಿಸಿಕೊಂಡವು.

ಹುಡುಗಿ ಒಮ್ಮೆ ಇಸ್ತ್ರಿಯಂತ್ರದ ಮುಚ್ಚಳವನ್ನು, ಒಮ್ಮೆ ತನ್ನ ಕೈಗಳನ್ನು ನೋಡಿದಳು. ಸೋಮವಾರದಿಂದ ಅವಳಿಗೆ ಮೇಲಿನ ವಿಚಾರಣೆ ಕೌಂಟರಿನಲ್ಲಿ ಕೆಲಸ. ಬೀದಿ ಕಾಣುವ, ಬೆಳಕು ಬೀಳುವ ಆ ಕುರ್ಚಿಗೆ ಎರಡು ವರ್ಷ ಕಾದಿದ್ದಳು.

“ನಾನು ಮೇಲೆ ಹೋಗಲ್ಲ ಬಿಡು,” ಎಂದವು ತುಟಿಗಳು. “ಇಲ್ಲೇ ಇರ್ತೀನಿ. ಯಾರಿಗೂ ಹೇಳ್ಬೇಡ.”

ದೊಡ್ಡಮ್ಮನಿಗೆ ಹೊಳೆಯಿತು: ತಾನು ಅಡಗಿ ಕುಳಿತ ಬಿಲದೊಳಕ್ಕೆ ಈ ಮಗುವೂ ತೆವಳಿಕೊಂಡು ಬರುತ್ತಿದೆ. ಹೊದಿಕೆಯ ತುದಿಯನ್ನು ಮೇಜಿನ ಮೇಲೆ ಬಿಟ್ಟು ಅವಳು ನೇರವಾಗಿ ಮೇಸ್ತ್ರಿಯ ಮುಂದೆ ಹೋಗಿ ನಿಂತಳು.

“ನನಗೆ ಕಿವಿ ಕೇಳಿಸೋದಿಲ್ಲ.”

ಮೇಸ್ತ್ರಿ ಅವಳ ಮುಖವನ್ನೇ ನೋಡಿದ. ಅವನ ಕೆನ್ನೆ ಅದುರಿತು, ಹೆಗಲು ಕುಲುಕಿತು. ಇಸ್ತ್ರಿಯಕ್ಕನತ್ತ ಕೈಬೀಸಿ, ಬಾ, ಇದನ್ನೂ ಕೇಳು ಎಂಬಂತೆ ಕರೆದ.

“ನಿಜವಾಗ್ಲೂ ಕಣಪ್ಪ. ನಾಲ್ಕು ತಿಂಗಳಾಯ್ತು.” ಅವಳು ಅವನ ತೋಳು ಹಿಡಿದು ಅಲುಗಿಸಿದಳು.

“ನನಗೂ ಅಷ್ಟೇ ದೊಡ್ಡಮ್ಮ. ಹೆಂಡ್ತಿ ಬಾಯಿ ತೆಗೆದ್ರೆ ಒಂದಕ್ಷರ ಕೇಳ್ಸಲ್ಲ!”

ಅವನು ನಗುತ್ತಲೇ ರಟ್ಟಿನತ್ತ ತಿರುಗಿ ಹತ್ತನೆಯ ಜಾಗದಲ್ಲಿ ಆ ಮೀಸೆಯವನ ಹೆಸರು ಬರೆದ. ಸುತ್ತಲೂ ಬಾಯಿಗಳು ತೆರೆದು ಮುಚ್ಚುತ್ತಿದ್ದವು. ಪ್ರತಿಯೊಂದು ಮಾತನ್ನೂ ಅವಳು ಓದಬಲ್ಲಳು; ಅವಳದೊಂದನ್ನು ಮಾತ್ರ ಯಾರೂ ಓದಲಿಲ್ಲ.

ಅವಳು ತಂಗಿಯ ಮಗಳತ್ತ ನೋಡಿದಳು. ನೀನಾದರೂ ಹೇಳು. ಹುಡುಗಿ ತುಟಿ ಬಿಗಿದು, ಒಲ್ಲೆ ಎಂದು ತಲೆಯಾಡಿಸಿ, ಹೊದಿಕೆಯ ಎರಡು ತುದಿಗಳನ್ನೂ ತಾನೇ ಹಿಡಿದುಕೊಂಡು ಕಾಯುತ್ತಿದ್ದಳು.