ಮುಷ್ಟಿ ಎತ್ತಿದವಳ ಜಾಗ

ನಮ್ಮ ಬಸ್ ಡಿಪೋದ ಹೆಂಗಸರ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಕೋಚ್ ಯಾರು ಅಂದರೆ, ಡ್ರೈವರುಗಳಿಗೆ ಡ್ಯೂಟಿ ಹಾಕುವ ಮೇಷ್ಟ್ರು. ಇಡೀ ದಿನ ಸ್ಟೀರಿಂಗ್ ಹಿಡಿದವನ ಕೈಗೆ ಮತ್ತೆ ಬಸ್ ಕೊಡಬಾರದು ಅನ್ನುವುದು ಅವರಿಗೆ ವೇದವಾಕ್ಯ. ಆಟದಲ್ಲೂ ಅದೇ ಕಾನೂನು. ದಣಿದವಳು ತಾನೇ ಮುಷ್ಟಿ ಎತ್ತಿ ತೋರಿಸಬೇಕು. ಹಾಗೆ ಎತ್ತಿ ಬಂದವಳಿಗೆ ಬೆಂಚಿನಲ್ಲಿ ಮೇಷ್ಟ್ರ ಪಕ್ಕದ ಜಾಗ. ಉಸಿರು ಹಿಡಿತಕ್ಕೆ ಬಂದ ಕೂಡಲೇ ತಾನೇ ಹೇಳಿ ವಾಪಸ್ ಹೋಗಬಹುದು. ದಣಿವು ಬಚ್ಚಿಟ್ಟು ಸಿಕ್ಕಿಬಿದ್ದವಳಿಗೆ ಬೆಂಚಿನ ತುದಿ. ಅಲ್ಲಿಂದ ಏಳುವುದು ಮೇಷ್ಟ್ರಿಗೆ ಮನಸ್ಸು ಬಂದಾಗ.

ನಾನು ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್, ನನ್ನ ತಂಗಿ ಟಿಕೆಟ್ ಕೌಂಟರಿನಲ್ಲಿ. ತಂಡದಲ್ಲಿ ಅವಳು ಮೊದಲ ಆಟಗಾರ್ತಿ, ನಾನು ಅವಳ ಬದಲಿ. ಅವಳು ನೀರು ಕುಡಿದು ಮುಖ ಒರೆಸಿಕೊಳ್ಳುವಷ್ಟು ಹೊತ್ತು ನನ್ನ ಆಟ. 'ನನ್ನ ಹುಡುಗಿಯರಿಬ್ಬರೂ ಒಂದೇ ತಂಡ' ಎಂದು ಅಮ್ಮ ನೆಂಟರ ಮುಂದೆ ಕೊಚ್ಚಿಕೊಂಡಾಗಲೆಲ್ಲ ನನಗೆ ಮೈ ಉರಿಯುತ್ತದೆ. ಇಷ್ಟು ವರ್ಷದ ಗೆಲುವುಗಳನ್ನೆಲ್ಲ ನಾನು ಟವಲ್ ಹಿಡಿದುಕೊಂಡೇ ಗೆದ್ದವಳು. ಈಗ ಮಂಡಿ ಸವೆದಿದೆ, ಈ ಫೈನಲ್ ಮುಗಿದರೆ ನನ್ನ ಆಟವೂ ಮುಗಿಯಿತು. ಕೊನೆಯ ಸೀಟಿ ಊದುವಾಗ ಒಂದೇ ಒಂದು ಸಲ ಅಂಗಳದ ಒಳಗಿರಬೇಕು ಅನ್ನುವುದೊಂದೇ ನನ್ನ ಆಸೆ.

ಎದುರಾಳಿ ತಂಡದಲ್ಲಿ ಒಬ್ಬಳು ಉದ್ದಜಡೆಯವಳು. ಗಾಳಿಯಂತೆ ಓಡುತ್ತಿದ್ದಳು. ಅವರ ಕೋಚ್ ಅವಳನ್ನು ಆಟದ ಮಧ್ಯೆ ಒಂದು ಸಲವೂ ಹೊರಗೆ ಕರೆಯಲಿಲ್ಲ. ಎತ್ತಿಗೂ ಮೇಯುವಾಗ ನೊಗ ಬಿಚ್ಚುತ್ತಾರೆ ಎಂದು ಮೇಷ್ಟ್ರು ಗೊಣಗಿದರು.

ಕೊನೆಯ ಕ್ವಾರ್ಟರ್ ಶುರುವಾದಾಗ ತಂಗಿಯನ್ನು ಕೂರಿಸಿ ನನ್ನನ್ನು ಇಳಿಸಿದರು. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ, ಚೆನ್ನಾಗಿ ಆಡಿದೆ. ಎರಡು ಬಾಸ್ಕೆಟ್ ಹಾಕಿದೆ. ಆಮೇಲೆ ಮಂಡಿ ತಕರಾರು ಶುರುಮಾಡಿತು. ಉದ್ದಜಡೆ ನನ್ನನ್ನು ದಾಟಿಕೊಂಡು ಹೋಗಿ ಬಾಸ್ಕೆಟ್ ಹಾಕಿದಳು, ಮರುಕ್ಷಣವೇ ಇನ್ನೊಂದು. ನಮ್ಮ ಮುನ್ನಡೆ ಕರಗಿ ಒಂದೇ ಪಾಯಿಂಟಿಗೆ ಬಂದು ನಿಂತಿತು. ಮೇಷ್ಟ್ರ ಕಣ್ಣು ಬೇರೆ ಕಡೆ ಇತ್ತು, ಬಚ್ಚಿಡಬಹುದಿತ್ತು. ಹಾಳಾಗಿ ಹೋಗಲಿ ಎಂದು ಮುಷ್ಟಿ ಎತ್ತಿದೆ. ತಂಗಿ ಒಳಗೆ ಹೋದಳು. ನಾನು ಮೇಷ್ಟ್ರ ಪಕ್ಕ ಕೂತು ಟವಲಿನಲ್ಲಿ ಮುಖ ಮುಚ್ಚಿಕೊಂಡೆ. ಅದು ಬೆವರಿಗಲ್ಲ.

ಟವಲ್ ತೆಗೆದು ನೋಡಿದಾಗ ಆಟ ಮುಗಿಯಲು ಸ್ವಲ್ಪವೇ ಉಳಿದಿತ್ತು, ನಮ್ಮ ಮುನ್ನಡೆ ಇನ್ನೂ ಅದೇ ಒಂದು ಪಾಯಿಂಟು. ತಂಗಿ ಎರಡೂ ಕೈಯಲ್ಲಿ ಚಡ್ಡಿಯ ಅಂಚು ಹಿಡಿದು ಜಗ್ಗುತ್ತಿದ್ದಳು. ಚಿಕ್ಕವಳಿದ್ದಾಗ ಆಡಿ ಆಡಿ ಸುಸ್ತಾದರೂ ಮನೆಗೆ ಬರಲೊಲ್ಲದೆ ಲಂಗದ ಅಂಚನ್ನು ಹೀಗೇ ಜಗ್ಗುತ್ತಿದ್ದಳು. ಅವಳ ಕಾಲು ಸೋತಿದೆ ಎಂದು ನನ್ನೊಬ್ಬಳಿಗೇ ಗೊತ್ತು. ಬಾಯಿಬಿಟ್ಟರೆ, ಅಕ್ಕನೇ ತಂಗಿಯ ಜಾಗಕ್ಕೆ ಕಣ್ಣು ಹಾಕಿದಳು ಅನ್ನುತ್ತಾರೆ. ಸುಮ್ಮನಿದ್ದರೆ ಆಟ ಹೋಗುತ್ತದೆ.

"ಮೇಷ್ಟ್ರೇ, ಅವಳಿಗೆ ಆಗ್ತಾ ಇಲ್ಲ, ಕರೀರಿ," ಅಂದೆ. "ನನ್ನನ್ನ ಕಳಿಸ್ಬೇಡಿ. ಬೇರೆ ಯಾರನ್ನಾದ್ರೂ ಕಳಿಸಿ."

ಅವರು ನನ್ನ ಮುಖ ನೋಡಿದರು. "ನಿನಗೆ ಉಸಿರು ಬಂತಾ?"

"ಬಂದಿದೆ."

"ಮುಷ್ಟಿ ಎತ್ತಿ ಬಂದವಳು ನೀನು. ಇನ್ಯಾರನ್ನ ಕಳಿಸ್ಲಿ? ಏಳು."

ಚೆಂಡು ಗೆರೆ ದಾಟಿ ಹೊರಗೆ ಹೋಯಿತು, ಸೀಟಿ ಬಿತ್ತು. ತಂಗಿ ಕೆಂಡವಾಗಿ ನನ್ನನ್ನು ದುರುಗುಟ್ಟಿ ನೋಡುತ್ತಾ ಬಂದಳು. ಮೇಷ್ಟ್ರು ಬೆಂಚಿನ ತುದಿಗೆ ಬೆರಳು ತೋರಿಸಿದ್ದೇ ತಡ, ಹೊರಗೆ ಬಂದ ಮೇಲೆ ಮುಷ್ಟಿ ಎತ್ತಿದಳು. ಕಳ್ಳಿ. ಅವಳಿಗೆ ತುದಿಯೇ ಸಿಕ್ಕಿತು.

ಚೆಂಡು ಮತ್ತೆ ಉದ್ದಜಡೆಯ ಕೈಗೆ ಬಂತು. ಈ ಸಲ ಅವಳು ನನ್ನನ್ನು ದಾಟಲಿಲ್ಲ, ದಾಟಲು ಕಾಲು ಏಳಲಿಲ್ಲ. ನಿಂತಲ್ಲಿಂದಲೇ ಎಸೆದಳು. ಗುರಿ ಸರಿಯಾಗಿತ್ತು. ಕಾಲು ಸೋತಿದ್ದಕ್ಕೆ ಚೆಂಡು ರಿಂಗಿನ ತನಕ ಹೋಗಲಿಲ್ಲ, ಗೇಣಿನಷ್ಟು ಮೊದಲೇ ಇಳಿದು ನನ್ನ ಕೈಗೆ ಬಿತ್ತು. ಎದೆಗೆ ಅವಚಿಕೊಂಡೆ. ಪಾಪ, ಹುಡುಗಿಯದೇನೂ ತಪ್ಪಿರಲಿಲ್ಲ.

ಕೊನೆಯ ಸೀಟಿ ಊದಿದರು. ಬೆಂಚಿನ ಕಡೆ ತಿರುಗಿದೆ. ತುದಿಯಲ್ಲಿ ತಂಗಿ ಎದ್ದು ನಿಂತಿದ್ದಳು, ನನ್ನ ಟವಲ್ ಹಿಡಿದುಕೊಂಡು.